ಖಾತೆ ಅಣ್ಣನ ಹೆಸರಲ್ಲಿದೆ, ತಂಗಿಯರ ಸಹಿ ಬೇಕಾ? ಅಡ್ವಾನ್ಸ್ ಕೊಡುವ ಮುಂಚೆ ಸಲಹೆ ಬೇಕಿತ್ತು

ಕಲ್ಪತರು_ನಾಡು:

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮನೆ ನೋಡಿದ್ದೇವೆ. 30-40 ಸೈಟು, ಕೆಳಗೆ ಎರಡು ಬೆಡ್‌ರೂಮಿನ ಮನೆ, ಮೇಲೆ ಒಂದು ಬಾಡಿಗೆ ಮನೆ. 58 ಲಕ್ಷಕ್ಕೆ ಮಾತಾಗಿದೆ. ಶಾಲೆ ಹತ್ತಿರ, ನೀರಿಗೆ ತೊಂದರೆ ಇಲ್ಲ, ಮನೆಯವರಿಗೂ ತುಂಬಾ ಹಿಡಿಸಿದೆ. ಕಾಗದಪತ್ರದ ವಿಷಯಕ್ಕೆ ಬಂದಾಗ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ.

ಸೈಟು ಮಾರುವವರ ತಂದೆ 1988ರಲ್ಲಿ ಕೊಂಡಿದ್ದು. ರಿಜಿಸ್ಟರ್ ಆದ ಕ್ರಯಪತ್ರ ಇದೆ, ಒರಿಜಿನಲ್ ಕಣ್ಣಾರೆ ನೋಡಿದ್ದೇನೆ. ಮನೆ ಕಟ್ಟಿಸಿದ್ದೂ ಅವರೇ, ಸರ್ಕಾರಿ ನೌಕರಿಯಲ್ಲಿದ್ದರಂತೆ. 2017ರಲ್ಲಿ ತೀರಿಕೊಂಡರು. 2018ರಲ್ಲಿ ಖಾತೆ ಮಗನ ಹೆಸರಿಗೆ ಆಗಿದೆ, ಕಂದಾಯವನ್ನೂ ಅವರೇ ಕಟ್ಟಿಕೊಂಡು ಬಂದಿದ್ದಾರೆ, ರಸೀದಿಗಳೆಲ್ಲಾ ಇವೆ.

ಅವರಿಗೆ ಇಬ್ಬರು ತಂಗಿಯರು. ದೊಡ್ಡವರ ಮದುವೆ 1991ರಲ್ಲೇ ಆಗಿದೆ, ಈಗ ಮಗನ ಜೊತೆ ಅಮೆರಿಕದಲ್ಲಿದ್ದಾರೆ. ಚಿಕ್ಕವರು 2021ರಲ್ಲಿ ತೀರಿಹೋದರು. ಅವರ ಗಂಡ ಮತ್ತು ಇಬ್ಬರು ಮಕ್ಕಳು ಅರಸೀಕೆರೆ ಕಡೆ ಇದ್ದಾರೆ, ಮಕ್ಕಳಿಗೆ 15 ಮತ್ತು 9 ವರ್ಷ. ತಾಯಿ ಇದ್ದಾರೆ, ಅದೇ ಮನೆಯಲ್ಲಿ ಮಗನ ಜೊತೆ.

ಖಾತೆ ಮಾಡಿಸುವಾಗ ತಂಗಿಯರಿಬ್ಬರೂ 100 ರೂಪಾಯಿ ಬಾಂಡ್ ಪೇಪರಿನ ಮೇಲೆ "ಅಣ್ಣನ ಹೆಸರಿಗೆ ಮಾಡಲು ನಮ್ಮ ಅಭ್ಯಂತರ ಇಲ್ಲ" ಅಂತ ಬರೆದುಕೊಟ್ಟಿದ್ದಾರೆ. ನೋಟರಿ ಸೀಲ್ ಇದೆ. ಬ್ರೋಕರ್ ಹೇಳುವುದು, ಖಾತೆ ಇವರ ಹೆಸರಲ್ಲಿದೆ, ಇಷ್ಟು ವರ್ಷ ತಂಗಿಯರು ಬಾಯಿ ಬಿಟ್ಟಿಲ್ಲ, ಇನ್ನೇನು ಕೇಳ್ತಾರೆ ಅಂತ. ಈ ಭಾನುವಾರ 5 ಲಕ್ಷ ಕ್ಯಾಶ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳಿ, ರಿಜಿಸ್ಟ್ರೇಷನ್ ಖರ್ಚು ಜಾಸ್ತಿ ಆಗುತ್ತೆ ಅಂದ್ರೆ ಸದ್ಯಕ್ಕೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮಾಡಿಕೊಡ್ತಾರೆ ಅಂತಲೂ ಹೇಳಿದರು. ಸ್ವಲ್ಪ ಹಣ ಬ್ಯಾಂಕ್ ಸಾಲ ತೆಗೆಯಬೇಕು ಅಂತಿದ್ದೇವೆ.

ಮಾರುವವರು ಒಳ್ಳೆಯ ಜನ, ಮೋಸ ಮಾಡುವವರ ಹಾಗೆ ಕಾಣುವುದಿಲ್ಲ. ಖಾತೆ ಇದ್ದ ಮೇಲೆ ಅವರೊಬ್ಬರ ಸಹಿ ಸಾಕಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಹಳೇಕಡತ:

ಭಾನುವಾರ ದುಡ್ಡು ಕೊಡಬೇಡಿ. ಮೊದಲು ಇದನ್ನು ಓದಿ.

ಖಾತೆ ಅಂದರೆ ಮಾಲೀಕತ್ವ ಅಲ್ಲ. ಈ ಮನೆಯ ಕಂದಾಯವನ್ನು ಯಾರಿಂದ ವಸೂಲಿ ಮಾಡಬೇಕು ಅಂತ ನಗರಸಭೆ ಇಟ್ಟುಕೊಳ್ಳುವ ಲೆಕ್ಕ ಅದು. ಹೊಲಗದ್ದೆಗೆ ಪಹಣಿಯೂ ಸ್ವಲ್ಪ ಹಾಗೆಯೇ. ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಪಹಣಿಯಲ್ಲಿರುವುದನ್ನು ಸರಿ ಅಂತ ಭಾವಿಸಬೇಕು, ಆದರೆ ತಪ್ಪು ಅಂತ ಸಾಬೀತಾಗುವ ತನಕ ಮಾತ್ರ. ಮ್ಯುಟೇಷನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಆದ ಮಾತ್ರಕ್ಕೆ ಹಕ್ಕು ಬರುವುದಿಲ್ಲ, ಇದ್ದ ಹಕ್ಕು ಹೋಗುವುದೂ ಇಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ.

ಹಾಗಾದರೆ ಹಕ್ಕು ಎಲ್ಲಿಂದ ಬರುತ್ತದೆ? ಕ್ರಯಪತ್ರ, ದಾನಪತ್ರ, ವಿಭಾಗ ಪತ್ರ, ವಿಲ್, ಕೋರ್ಟ್ ಡಿಕ್ರಿ, ಇಲ್ಲವೇ ವಾರಸುದಾರಿಕೆ. ನಿಮ್ಮ ಮನೆಯ ವಿಷಯದಲ್ಲಿ 1988ರ ಕ್ರಯಪತ್ರದಿಂದ ಹಕ್ಕು ತಂದೆಗೆ ಬಂತು. 2017ರಲ್ಲಿ ಅವರು ಹೋದ ಕ್ಷಣಕ್ಕೆ ಅದು ವಾರಸುದಾರರೆಲ್ಲರಿಗೂ ಹೋಯಿತು. ಅಲ್ಲಿಂದ ಮಗನೊಬ್ಬನಿಗೇ ಬಂತು ಅನ್ನುವುದಕ್ಕೆ ಕಾಗದ ಯಾವುದು? ಖಾತೆ ಒಂದೇ ತೋರಿಸುತ್ತಿದ್ದಾರೆ. ಅಂದರೆ ನಡುವಿನ ಕೊಂಡಿ ಇಲ್ಲ.

ಬಾಂಡ್ ಪೇಪರಿನ ವಿಷಯ. ಸ್ಥಿರಾಸ್ತಿಯಲ್ಲಿ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಹಕ್ಕು ಬಿಟ್ಟುಕೊಡಬೇಕಾದರೆ ಆ ಪತ್ರ ನೋಂದಣಿ ಆಗಲೇಬೇಕು. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಅದು. ಆಗದಿದ್ದರೆ ಏನು ಅಂತ 49ನೇ ಸೆಕ್ಷನ್ ಹೇಳುತ್ತದೆ: ಹಕ್ಕು ಬದಲಾಗುವುದಿಲ್ಲ, ಕೋರ್ಟಿನಲ್ಲಿ ಆ ಹಕ್ಕಿಗೆ ಸಾಕ್ಷಿಯಾಗಿಯೂ ನಿಲ್ಲುವುದಿಲ್ಲ. ನೋಟರಿ ಸೀಲ್ ಹಾಕಿದರೆ ಸಹಿ ಮಾಡಿದವರು ಇವರೇ ಅಂತ ಆಗುತ್ತದೆ ಅಷ್ಟೆ, ನೋಂದಣಿ ಆದಂತಲ್ಲ. ಇನ್ನೂ ಒಂದು ನೋಡಿ, ಅದರಲ್ಲಿ ಬರೆದಿರುವುದೇ "ಖಾತೆ ಮಾಡಲು ಅಭ್ಯಂತರ ಇಲ್ಲ" ಅಂತ. ಪಾಲು ಬಿಟ್ಟಿದ್ದೇವೆ ಅಂತ ಅವರೆಲ್ಲಿ ಹೇಳಿದ್ದಾರೆ?

ಗಡಿಯಾರ_ಸರ್ಕಲ್:

ದೊಡ್ಡ ತಂಗಿಯ ಮದುವೆ 1991ರಲ್ಲಿ ಆಗಿದೆಯಲ್ಲ, ಅವರಿಗೆ ಪಾಲು ಬರಲ್ಲ ಅಂತ ಕೇಳಿದ್ದೇನೆ. ಕರ್ನಾಟಕದಲ್ಲಿ 1994ಕ್ಕೆ ಮುಂಚೆ ಮದುವೆ ಆದವರಿಗೆ ಇಲ್ಲ ಅಂತ ಕಾನೂನು ಇತ್ತು. ನಮ್ಮ ಕಡೆ ಒಂದು ಪಂಚಾಯ್ತಿಯಲ್ಲೂ ಹಾಗೇ ತೀರ್ಮಾನ ಆಯಿತು. ಹಾಗಾಗಿ ಚಿಕ್ಕ ತಂಗಿ ಕಡೆಯವರನ್ನು ಒಪ್ಪಿಸಿದರೆ ಸಾಕು ಅನ್ಸುತ್ತೆ.

ಧಾರವಾಡದ_ವಕೀಲೆ:

ಮೇಲಿನ ಮಾತನ್ನು ನಂಬಿಕೊಂಡು ದಯವಿಟ್ಟು ಮುಂದುವರಿಯಬೇಡಿ. ಎಷ್ಟೋ ಹೆಣ್ಣುಮಕ್ಕಳು ಇದೇ ಮಾತು ಕೇಳಿ ಪಾಲು ಕಳೆದುಕೊಂಡಿದ್ದಾರೆ, ಎಷ್ಟೋ ಜನ ಇದನ್ನೇ ನಂಬಿ ಮನೆ ಕೊಂಡು ಕೋರ್ಟಿಗೆ ಅಲೆದಿದ್ದಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ಕರ್ನಾಟಕ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು, ಇವೆಲ್ಲ ಇರುವುದು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಗೆ. ಅಲ್ಲಿ ಮಗ ಹುಟ್ಟಿದಾಗಲೇ ಪಾಲುದಾರ ಆಗುತ್ತಿದ್ದ, ಮಗಳು ಆಗುತ್ತಿರಲಿಲ್ಲ. 1994ರಲ್ಲಿ ನಮ್ಮ ರಾಜ್ಯ ಮಗಳಿಗೂ ಆ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮುಂಚೆ ಮದುವೆ ಆದವರನ್ನು ಹೊರಗಿಟ್ಟಿತು. 2005ರ ತಿದ್ದುಪಡಿ ಆ ಮದುವೆಯ ಷರತ್ತನ್ನು ತೆಗೆದುಹಾಕಿತು. ತಂದೆ 2005ರಲ್ಲಿ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ 2020ರಲ್ಲಿ ಇತ್ಯರ್ಥವಾಯಿತು. ಅಂದರೆ ಪಿತ್ರಾರ್ಜಿತಕ್ಕೂ 1994ರ ಮಾತು ಈಗ ನಡೆಯುವುದಿಲ್ಲ.

ಇಲ್ಲಿ ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ತಂದೆ ತಮ್ಮ ಸಂಬಳದಲ್ಲಿ ಕೊಂಡು ಕಟ್ಟಿಸಿದ್ದರೆ ಅದು ಸ್ವಯಾರ್ಜಿತ. ಸ್ವಯಾರ್ಜಿತ ಆಸ್ತಿಯನ್ನು ಅವರು ಬದುಕಿದ್ದಾಗ ಯಾರಿಗೆ ಬೇಕಾದರೂ ಕೊಡಬಹುದಿತ್ತು, ವಿಲ್ ಬರೆಯಬಹುದಿತ್ತು. ವಿಲ್ ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮಗಳ ಮದುವೆ ಯಾವ ವರ್ಷ ಆಯಿತು ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಇದು 1956ರಿಂದಲೇ ಇದೆ.

ಈಗ ಲೆಕ್ಕ ಹಾಕಿ. 2017ರಲ್ಲಿ ತಾಯಿ, ಮಗ, ಇಬ್ಬರು ಹೆಣ್ಣುಮಕ್ಕಳು. ಒಬ್ಬೊಬ್ಬರಿಗೆ ನಾಲ್ಕನೇ ಒಂದು ಪಾಲು. ಚಿಕ್ಕ ತಂಗಿ ತಂದೆಯ ನಂತರ ತೀರಿಕೊಂಡಿದ್ದಾರೆ, ಅಷ್ಟರಲ್ಲಿ ಅವರ ಪಾಲು ಅವರಿಗೆ ಬಂದಾಗಿತ್ತು. ಆ ಪಾಲು ಈಗ ಅವರ ಗಂಡ ಮತ್ತು ಇಬ್ಬರು ಮಕ್ಕಳಿಗೆ, ಒಬ್ಬೊಬ್ಬರಿಗೆ ಇಡೀ ಆಸ್ತಿಯ ಹನ್ನೆರಡನೇ ಒಂದು ಭಾಗ. (ಅವರು ತಂದೆಗಿಂತ ಮುಂಚೆ ಹೋಗಿದ್ದರೆ ಮಕ್ಕಳಿಗೆ ಮಾತ್ರ ಬರುತ್ತಿತ್ತು, ಅಳಿಯನಿಗೆ ಬರುತ್ತಿರಲಿಲ್ಲ. ಅದಕ್ಕೇ ಮರಣ ಪ್ರಮಾಣ ಪತ್ರಗಳಲ್ಲಿ ತಾರೀಖು ನೋಡುವುದು.) ಖಾತೆದಾರ ಅಣ್ಣ ಒಬ್ಬರೇ ಸಹಿ ಹಾಕಿ ಕ್ರಯಪತ್ರ ಮಾಡಿಕೊಟ್ಟರೆ ನೀವು 58 ಲಕ್ಷ ಕೊಟ್ಟು ಕೊಂಡಂತಾಗುವುದು ಕಾಲು ಭಾಗ. ಆ ಕಾಲು ಭಾಗ ಇಟ್ಟುಕೊಂಡು ಮನೆಯೊಳಗೆ ಹೋಗಿ ಕೂರಲೂ ಆಗುವುದಿಲ್ಲ, ಏಕೆಂದರೆ ವಿಭಾಗ ಆಗದ ಕುಟುಂಬದ ವಾಸದ ಮನೆಯಲ್ಲಿ ಹೊರಗಿನ ಖರೀದಿದಾರನಿಗೆ ಜಂಟಿ ಸ್ವಾಧೀನದ ಹಕ್ಕು ಇಲ್ಲ ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಸೆಕ್ಷನ್ ಹೇಳುತ್ತದೆ. ವಿಭಾಗದ ದಾವಾ ಹಾಕಿ ಕಾಯಬೇಕು.

ಇಷ್ಟು ವರ್ಷ ಕೇಳಿಲ್ಲ ಅನ್ನುವುದಕ್ಕೂ ಬೆಲೆ ಇಲ್ಲ. ಒಬ್ಬ ವಾರಸುದಾರ ಮನೆಯಲ್ಲಿದ್ದರೆ ಕಾನೂನಿನ ಕಣ್ಣಿಗೆ ಅವನು ಎಲ್ಲರ ಪರವಾಗಿ ಇದ್ದಂತೆ. "ನಿಮಗೆ ಪಾಲಿಲ್ಲ, ಇದು ನನ್ನೊಬ್ಬನದೇ" ಅಂತ ಅವರಿಗೆ ತಿಳಿಯುವ ಹಾಗೆ ಹೇಳಿ, ಅಲ್ಲಿಂದ 12 ವರ್ಷ ಕಳೆದರೆ ಮಾತ್ರ ಬೇರೆ ವಾದ ಹುಟ್ಟುತ್ತದೆ. ತಂಗಿ ಹಬ್ಬಕ್ಕೆ ಬಂದು ಹೋಗುತ್ತಿದ್ದಾಳೆ, ಅಣ್ಣ ತಂಗಿ ಚೆನ್ನಾಗಿದ್ದಾರೆ ಅಂದರೆ ಆ ವಾದ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಆ ಇಬ್ಬರು ಮಕ್ಕಳು. ಅವರು ಅಪ್ರಾಪ್ತರು. ಅಪ್ಪನೇ ಸಹಜ ಪೋಷಕ, ಹೌದು, ಆದರೆ ಮಕ್ಕಳ ಪಾಲಿನ ಸ್ಥಿರಾಸ್ತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಅವರೂ ಮಾರುವಂತಿಲ್ಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಸೆಕ್ಷನ್. ಅನುಮತಿ ಇಲ್ಲದೆ ಮಾರಿದರೆ ಮಕ್ಕಳು ದೊಡ್ಡವರಾದ ಮೇಲೆ ಆ ಕ್ರಯವನ್ನು ರದ್ದು ಮಾಡಿಸಬಹುದು, 18 ತುಂಬಿದ ಮೇಲೆ ಮೂರು ವರ್ಷ ಅವಕಾಶ ಇರುತ್ತದೆ. ಚಿಕ್ಕದಕ್ಕೆ ಈಗ 9 ವರ್ಷ. ಅಂದರೆ ಇನ್ನು 12 ವರ್ಷ ನಿಮ್ಮ ಮನೆಯ ಮೇಲೆ ಆ ತೂಗುಗತ್ತಿ ಇರುತ್ತದೆ. ಅಪ್ಪ ಮಕ್ಕಳ ಪರವಾಗಿ ಸಹಿ ಹಾಕುತ್ತಾರೆ, ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಅನುಮತಿ ಸಿಗುವುದೇ ಇಲ್ಲ ಅಂತಲ್ಲ. ಅಪ್ಪ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ಮಾರುವುದರಿಂದ ಮಕ್ಕಳಿಗೆ ಏನು ಪ್ರಯೋಜನ ಅಂತ ತೋರಿಸಬೇಕು. ಸಾಮಾನ್ಯವಾಗಿ ಮಕ್ಕಳ ಪಾಲಿನ ಹಣವನ್ನು ಅವರ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಲು ಹೇಳುತ್ತಾರೆ. ತಾಯಿ ಇಲ್ಲದ ಮಕ್ಕಳು, ಅಜ್ಜನ ಮನೆಯಿಂದ ಅವರಿಗೆ ಬರಬೇಕಾದದ್ದು ಅವರ ಹೆಸರಿಗೇ ಬೀಳುತ್ತದೆ. ಅದು ಆಗಲೇಬೇಕು ಅನ್ನುವುದು ನನ್ನ ಅಭಿಪ್ರಾಯ, ನಿಮ್ಮ ಹಿತಕ್ಕೂ ಅದೇ ಒಳ್ಳೆಯದು.

ಕಲ್ಪತರು_ನಾಡು:

ಮೇಡಂ, ಸರ್, ತುಂಬಾ ಧನ್ಯವಾದ. ಮಕ್ಕಳಿಗೆ ಪಾಲಿದೆ ಅಂತ ನಮಗೆ ಹೊಳೆದೇ ಇರಲಿಲ್ಲ. ವಿಲ್ ಇದೆಯಾ ಅಂತ ಕೇಳಿದೆ, ಇಲ್ಲ ಅಂದರು.

ಜಿಪಿಎ ವಿಷಯ ಯಾರೂ ಹೇಳಲಿಲ್ಲ. ನಮ್ಮ ಪಕ್ಕದ ಬಡಾವಣೆಯಲ್ಲಿ ಎಷ್ಟೋ ಜನ ಜಿಪಿಎ ಮೇಲೆಯೇ ಸೈಟು ಕೊಂಡು ಮನೆ ಕಟ್ಟಿಕೊಂಡಿದ್ದಾರೆ. ಅಗ್ರಿಮೆಂಟ್, ಜಿಪಿಎ, ಸ್ವಾಧೀನ ಮೂರೂ ಇದ್ದರೆ ನಡೆಯಲ್ವಾ?

ಹಳೇಕಡತ:

ನಡೆಯುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ತುಂಬಾ ಸ್ಪಷ್ಟವಾಗಿದೆ. ಕ್ರಯದ ಕರಾರು ಅಂದರೆ ಮುಂದೆ ಮಾರುತ್ತೇನೆ ಅನ್ನುವ ಮಾತು ಮಾತ್ರ, ಆಸ್ತಿಯ ಮೇಲೆ ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ. ಅವರು ಮಾತಿಗೆ ತಪ್ಪಿದರೆ ಮೂರು ವರ್ಷದೊಳಗೆ ದಾವಾ ಹಾಕಿ ಕ್ರಯಪತ್ರ ಮಾಡಿಸಿಕೊಡಿ ಅಂತ ಕೇಳಬಹುದು, ಅಷ್ಟೆ. ಜಿಪಿಎ ಅಂದರೆ ನನ್ನ ಪರವಾಗಿ ನೀನು ಕೆಲಸ ಮಾಡು ಅನ್ನುವ ಅಧಿಕಾರ. ಕೊಟ್ಟವರು ಸತ್ತರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಹೇಳಿತು: ಅಗ್ರಿಮೆಂಟ್, ಜಿಪಿಎ, ವಿಲ್ ಮೂರನ್ನೂ ಸೇರಿಸಿ ಮಾಡುವ ವ್ಯವಹಾರ ಮಾರಾಟವೇ ಅಲ್ಲ. ಸ್ವಾಧೀನ ಕೊಟ್ಟ ಅಗ್ರಿಮೆಂಟ್ ಇಟ್ಟುಕೊಂಡು ರಕ್ಷಣೆ ಕೇಳಬೇಕಾದರೂ 2001ರಿಂದ ಈಚೆಗೆ ಅದು ನೋಂದಣಿ ಆಗಿರಬೇಕು.

ಇನ್ನೊಂದು, ಇಲ್ಲಿ ಜಿಪಿಎ ಕೊಡುವವರು ಅಣ್ಣ. ಅವರಿಗೇ ಇಲ್ಲದ ಮುಕ್ಕಾಲು ಭಾಗವನ್ನು ನಿಮಗೆ ಹೇಗೆ ಕೊಡುತ್ತಾರೆ? ಪತ್ರ ಯಾವುದಾದರೂ ಇರಲಿ, ಕೊಡುವವನ ಹತ್ತಿರ ಇದ್ದಷ್ಟೇ ತೆಗೆದುಕೊಳ್ಳುವವನಿಗೆ ಬರುವುದು.

ಖರ್ಚು ಉಳಿಸುವ ಮಾತಿಗೆ. ಈಗ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2. ಎಲ್ಲಾ ಸೇರಿ ಶೇ. 7.6 ಅಂತ ಇಟ್ಟುಕೊಳ್ಳಿ. 58 ಲಕ್ಷಕ್ಕೆ ಸುಮಾರು 4.4 ಲಕ್ಷ ಆಗುತ್ತದೆ. ಮಾರ್ಗಸೂಚಿ ಬೆಲೆ ಅದಕ್ಕಿಂತ ಜಾಸ್ತಿ ಇದ್ದರೆ ಅದರ ಮೇಲೆ ಲೆಕ್ಕ. ದೊಡ್ಡ ಮೊತ್ತವೇ, ಇಲ್ಲ ಅನ್ನುವುದಿಲ್ಲ. ಇದನ್ನು ಮನೆಯ ಬೆಲೆಯ ಜೊತೆಗೇ ಸೇರಿಸಿಕೊಂಡು ಬಜೆಟ್ ಹಾಕಿ. ಜಿಪಿಎ ಮೇಲೆ ಬ್ಯಾಂಕ್ ಸಾಲವನ್ನೂ ಕೊಡುವುದಿಲ್ಲ.

ಕ್ಯಾಶ್ ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, ಆದಾಯ ತೆರಿಗೆಯವರು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಹಾಕಬಹುದು. ಬೆಲೆ 50 ಲಕ್ಷ ಮುಟ್ಟಿರುವುದರಿಂದ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಆದಾಯ ತೆರಿಗೆ (ಟಿಡಿಎಸ್) ಮುರಿದುಕೊಂಡು ಕಟ್ಟುವ ಜವಾಬ್ದಾರಿ ನಿಮ್ಮದು. ಮಾರುವವರು ಐದಾರು ಜನ ಇದ್ದು ಒಬ್ಬೊಬ್ಬರ ಪಾಲು ಕಡಿಮೆ ಇದ್ದರೂ 2024ರ ಅಕ್ಟೋಬರ್‌ನಿಂದ ಒಟ್ಟು ಬೆಲೆಯನ್ನೇ ನೋಡುತ್ತಾರೆ. ಅಮೆರಿಕದಲ್ಲಿರುವ ತಂಗಿ ಅನಿವಾಸಿ ಆಗಿದ್ದರೆ ಅವರ ಪಾಲಿಗೆ ನಿಯಮ ಬೇರೆ, ದರವೂ ಜಾಸ್ತಿ. ಅದಕ್ಕೆ ಒಬ್ಬ ಆಡಿಟರ್ ಹತ್ತಿರ ಹೋಗಲೇಬೇಕು.

ಸಾಗರದಾಚೆ_ಕನ್ನಡಿಗ:

ಅಮೆರಿಕದಲ್ಲಿರುವ ದೊಡ್ಡ ತಂಗಿಯವರ ಬಗ್ಗೆ ಒಂದು ಮಾತು. ಸಹಿಗಾಗಿ ಅವರು ಊರಿಗೆ ಬರಲೇಬೇಕು ಅಂತಿಲ್ಲ. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಪವರ್ ಆಫ್ ಅಟಾರ್ನಿ ಮೇಲೆ ಸಹಿ ಹಾಕಿ ದೃಢೀಕರಿಸಿ ಕಳಿಸಬಹುದು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮೇಲೆ ಬೇಡ ಅಂದ ಜಿಪಿಎ ಬೇರೆ, ಇದು ಬೇರೆ. ಇಲ್ಲಿ ಪವರ್ ಇರುವುದು ಅವರ ಪರವಾಗಿ ಸಬ್ ರಿಜಿಸ್ಟ್ರಾರ್ ಮುಂದೆ ಕ್ರಯಪತ್ರಕ್ಕೆ ಸಹಿ ಹಾಕಲಿಕ್ಕೆ, ಕ್ರಯಪತ್ರದ ಬದಲಿಗೆ ಅಲ್ಲ. ಯಾವ ಆಸ್ತಿ, ಏನು ಅಧಿಕಾರ ಅಂತ ಚಕ್ಕುಬಂದಿ ಸಮೇತ ಬರೆಸಿ. ಕ್ರಯಪತ್ರದ ದಿನ ಅವರ ಜೊತೆ ವಿಡಿಯೋ ಕಾಲ್‌ನಲ್ಲಿ ಒಮ್ಮೆ ಮಾತಾಡಿಬಿಡಿ. ಪವರ್ ಕೊಟ್ಟವರು ಇದ್ದಾರೆ, ಅದನ್ನು ರದ್ದು ಮಾಡಿಲ್ಲ ಅಂತ ನಿಮಗೂ ಖಾತ್ರಿ ಆಗಬೇಕು.

ಮೇಷ್ಟ್ರು_ಅರಸೀಕೆರೆ:

ವಾರಸುದಾರರ ವಿಷಯ ಚೆನ್ನಾಗಿ ಬಂದಿದೆ. ನಾನು ಇಸಿ (ಋಣಭಾರ ಪ್ರಮಾಣ ಪತ್ರ) ಮತ್ತು ಜಾಗದ ಬಗ್ಗೆ ಹೇಳುತ್ತೇನೆ.

ಇಸಿಯಲ್ಲಿ ಏನೂ ಇಲ್ಲ, ಹಾಗಾಗಿ ಆಸ್ತಿ ಕ್ಲಿಯರ್ ಅಂತ ಬ್ರೋಕರ್‌ಗಳು ಹೇಳುತ್ತಾರೆ. ಇಸಿ ಅನ್ನುವುದು ಆ ಅವಧಿಯಲ್ಲಿ ನೋಂದಣಿಯಾದ ಪತ್ರಗಳ ಪಟ್ಟಿ ಅಷ್ಟೆ. ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16. ಸಾವಿನಿಂದ ಬಂದ ಪಾಲು ಅದರಲ್ಲಿ ಕಾಣುವುದಿಲ್ಲ. ರಿಜಿಸ್ಟರ್ ಆಗದ ವಿಲ್ ಕಾಣುವುದಿಲ್ಲ. ಕೋರ್ಟಿನಲ್ಲಿ ದಾವಾ ನಡೆಯುತ್ತಿದ್ದರೆ ಅದೂ ಕಾಣದೇ ಇರಬಹುದು, ಆದರೆ ದಾವಾ ನಡೆಯುವಾಗ ಕೊಂಡವನೂ ತೀರ್ಪಿಗೆ ಬದ್ಧ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಮಾರುವವರ ಹೆಸರು, ತಂದೆಯ ಹೆಸರು ಎರಡನ್ನೂ ಹಾಕಿ ಆ ತಾಲ್ಲೂಕಿನ ಕೋರ್ಟುಗಳಲ್ಲಿ ಹುಡುಕಿ. ಇಸಿಯನ್ನು 1988ಕ್ಕಿಂತ ಮುಂಚಿನಿಂದ ಇವತ್ತಿನವರೆಗೂ ತೆಗೆಸಿ, ಕಂಪ್ಯೂಟರ್‌ಗೆ ಬರುವ ಮುಂಚಿನ ವರ್ಷಗಳದ್ದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಬೇಕು. 1988ರಲ್ಲಿ ಮಾರಿದವನಿಗೆ ಸೈಟು ಎಲ್ಲಿಂದ ಬಂತು ಅನ್ನುವ ಮೂಲ ಪತ್ರವೂ ಬೇಕು, ಬಡಾವಣೆಗೆ ಮುಂಚೆ ಹೊಲ ಆಗಿದ್ದರೆ ಭೂ ಪರಿವರ್ತನೆಯ ಆದೇಶವೂ ಬೇಕು. ನೀವು ನೋಡಿದ ಒರಿಜಿನಲ್ ಕ್ರಯಪತ್ರಕ್ಕೆ ದೃಢೀಕೃತ ನಕಲು ತೆಗೆಸಿ ಪುಟಪುಟವೂ ತಾಳೆ ನೋಡಿ.

ಆಮೇಲೆ ಆ ಕ್ರಯಪತ್ರ ಕೈಯಲ್ಲಿ ಹಿಡಿದು, ಒಂದು ಟೇಪು ತೆಗೆದುಕೊಂಡು ಜಾಗಕ್ಕೆ ಹೋಗಿ. ಹಳೆಯ ಪತ್ರದಲ್ಲಿ "ಪೂರ್ವಕ್ಕೆ ಇಂಥವರ ಖಾಲಿ ನಿವೇಶನ, ಪಶ್ಚಿಮಕ್ಕೆ ರಸ್ತೆ" ಅಂತ ಇರುತ್ತದೆ. ಈಗ ಪೂರ್ವಕ್ಕೆ ಮನೆ ಎದ್ದಿದೆಯಾ, ಅದರ ಗೋಡೆ ಎಲ್ಲಿ ನಿಂತಿದೆ, ಮೆಟ್ಟಿಲು ಯಾರ ಜಾಗದಲ್ಲಿದೆ ನೋಡಿ. ಪತ್ರದಲ್ಲಿ 30 ಅಡಿ ಇದ್ದು ನೆಲದ ಮೇಲೆ ಇಪ್ಪತ್ತೆಂಟೂವರೆ ಇದ್ದರೆ ಈಗಲೇ ಕೇಳಬೇಕು. ಪಕ್ಕದ ಮನೆಯವರ ಜೊತೆ ಎರಡು ಮಾತಾಡಿ. ಮೇಲಿನ ಬಾಡಿಗೆದಾರರ ಕರಾರನ್ನೂ ನೋಡಿ, ಅವರ ಅಡ್ವಾನ್ಸ್ ಯಾರು ವಾಪಸ್ ಕೊಡಬೇಕು ಅಂತ ಕ್ರಯಪತ್ರದಲ್ಲೇ ಬರೆಸಿ. ಯಾರು ಸ್ವಾಧೀನದಲ್ಲಿದ್ದಾರೋ ಅವರ ಹಕ್ಕು ಏನು ಅಂತ ವಿಚಾರಿಸುವುದು ಕೊಳ್ಳುವವನ ಕೆಲಸ, ಆಮೇಲೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ನಗರಸಭೆಯ ಇ-ಖಾತೆ ಆಗಿದೆಯಾ ಕೇಳಿ. ಅದಿಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಖಾತೆಯಿಂದ ಹಕ್ಕು ಬರುವುದಿಲ್ಲ ಅಂದ ಮಾತ್ರಕ್ಕೆ ಖಾತೆ ಬೇಡ ಅಂತಲ್ಲ.

ಕಲ್ಪತರು_ನಾಡು:

ನಿನ್ನೆ ಸಂಜೆ ಮಾರುವವರ ಮನೆಗೆ ಹೋಗಿ ಕೂತು ಮಾತಾಡಿದೆವು. ಮೊದಲು ಅವರಿಗೆ ಬೇಸರ ಆಯಿತು, ನಮ್ಮ ಮೇಲೆ ನಂಬಿಕೆ ಇಲ್ವಾ ಅಂದರು. ಅಮ್ಮ ಮಾತ್ರ "ಮಕ್ಕಳಿಗೆ ಸೇರಬೇಕಾದದ್ದು ಸೇರಲಿ" ಅಂದರು, ಅದಾದ ಮೇಲೆ ಮಾತು ಸಲೀಸಾಯಿತು. ಅಳಿಯನಿಗೂ ಅಲ್ಲಿಂದಲೇ ಫೋನ್ ಮಾಡಿದರು, ಕೋರ್ಟಿಗೆ ಅರ್ಜಿ ಹಾಕಲು ಅವರು ಒಪ್ಪಿದ್ದಾರೆ. ದೊಡ್ಡ ತಂಗಿಯವರೂ ಸಹಿ ಹಾಕುತ್ತಾರಂತೆ.

ಈಗ ಎರಡು ಪ್ರಶ್ನೆ. ತಾಯಿ, ದೊಡ್ಡ ತಂಗಿ ಮೊದಲು ಅಣ್ಣನಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕಾ, ಅಥವಾ ಎಲ್ಲರೂ ಒಟ್ಟಿಗೆ ನಮಗೇ ಮಾರಬಹುದಾ? ಕೋರ್ಟಿನ ಅನುಮತಿ ಬರುವ ತನಕ ಬೇರೆಯವರಿಗೆ ಮಾರಿಬಿಟ್ಟರೆ ಏನು ಮಾಡುವುದು?

ಧಾರವಾಡದ_ವಕೀಲೆ:

ಆ ಅಮ್ಮ ದೊಡ್ಡ ಮಾತು ಹೇಳಿದ್ದಾರೆ, ಸಂತೋಷವಾಯಿತು.

ಒಟ್ಟಿಗೆ ಮಾರುವುದೇ ಒಳ್ಳೆಯದು. ತಾಯಿ, ಅಣ್ಣ, ದೊಡ್ಡ ತಂಗಿ, ಅಳಿಯ ಮತ್ತು ಅಳಿಯನ ಮೂಲಕ ಇಬ್ಬರು ಮಕ್ಕಳು, ಇಷ್ಟೂ ಜನ ಒಂದೇ ಕ್ರಯಪತ್ರದಲ್ಲಿ ಮಾರುವವರಾಗಲಿ. ಯಾರಿಗೆ ಎಷ್ಟು ಹಣ ಹೋಯಿತು ಅಂತ ಅದರಲ್ಲೇ ಬರುತ್ತದೆ. ಬಿಡುಗಡೆ ಪತ್ರ ಬೇಕಾಗುವುದು ಅವರು ನಿಜವಾಗಿಯೂ ಪಾಲು ಬಿಟ್ಟುಕೊಡುವುದಾದರೆ, ಅದು ಅವರ ಮನೆಯ ವಿಷಯ. ಮಕ್ಕಳ ಪಾಲನ್ನು ಮಾತ್ರ ಸುಮ್ನೆ ಬಿಡಿಸಿಕೊಳ್ಳಲು ಬರುವುದಿಲ್ಲ. ತಹಶೀಲ್ದಾರರಿಂದ ವಂಶವೃಕ್ಷ, ಎರಡೂ ಮರಣ ಪ್ರಮಾಣ ಪತ್ರ ಈಗಲೇ ತೆಗೆಸಲು ಹೇಳಿ, ಕೋರ್ಟಿನ ಅರ್ಜಿಗೂ ಅವು ಬೇಕು.

ಎರಡನೆಯದಕ್ಕೆ, ಈಗ ಒಂದು ಅಗ್ರಿಮೆಂಟ್ ಮಾಡಿಕೊಳ್ಳಿ, ಎಲ್ಲ ವಯಸ್ಕರ ಸಹಿಯೊಂದಿಗೆ, ಮಕ್ಕಳ ಪಾಲಿನ ಮಟ್ಟಿಗೆ ನ್ಯಾಯಾಲಯದ ಅನುಮತಿಗೆ ಒಳಪಟ್ಟು ಅಂತ ಬರೆಸಿ. ಅದನ್ನು ನೋಂದಣಿ ಮಾಡಿಸಿ, ಆಗ ಇಸಿಯಲ್ಲಿ ಬರುತ್ತದೆ ಮತ್ತು ಬೇರೆ ಯಾರಾದರೂ ಕೊಳ್ಳಲು ಬಂದರೆ ನಿಮ್ಮ ಕರಾರು ಗೊತ್ತಿರಲಿಲ್ಲ ಅನ್ನಲಾಗುವುದಿಲ್ಲ. ಸ್ವಾಧೀನ ಈಗ ತೆಗೆದುಕೊಳ್ಳಬೇಡಿ, ತೆಗೆದುಕೊಂಡರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಮುಂಗಡ 5 ಲಕ್ಷ ಜಾಸ್ತಿ ಆಯಿತು, ಕಡಿಮೆ ಮಾಡಿಸಿ, ಬ್ಯಾಂಕ್ ಮೂಲಕವೇ ಕೊಡಿ. ಅನುಮತಿ ಸಿಗದಿದ್ದರೆ ಎಷ್ಟು ದಿನದಲ್ಲಿ ವಾಪಸ್ ಅಂತ ಸ್ಪಷ್ಟವಾಗಿರಲಿ. ಕ್ರಯಪತ್ರದ ಗಡುವನ್ನು ಅಗ್ರಿಮೆಂಟ್ ತಾರೀಖಿನಿಂದ ಎಣಿಸಬೇಡಿ, ಅನುಮತಿ ಆದೇಶದ ಪ್ರತಿ ಕೈಗೆ ಬಂದ ದಿನದಿಂದ 60 ದಿನ ಅಂತ ಬರೆಸಿ. ನಿಮ್ಮ ಬ್ಯಾಂಕ್ ಸಾಲ ಮಂಜೂರಾಗಲೂ ಅಷ್ಟು ಸಮಯ ಬೇಕಾಗುತ್ತದೆ.